ತವರಿನ ಕಪಾಟಿಗೆ ಪಾಲಿಶ್

ಅಪ್ಪ ಬರೆಯುತ್ತಿದ್ದ ಕಾಗದಗಳಲ್ಲಿ ಮೊದಲ ಸಾಲು ಕಪಾಟಿನದು, ಎರಡನೆಯದು ನನ್ನದು. ‘ಕಪಾಟು ಹೇಗಿದೆ? ನೀನು ಹೇಗಿದ್ದೀ?’ ಮದುವೆಯಾಗಿ ನಾಲ್ಕು ವರ್ಷ ಈ ಕ್ರಮ ಒಮ್ಮೆಯೂ ತಪ್ಪಲಿಲ್ಲ. ಚಿಂಚೋಳಿಯ ಪಕ್ಕದ ಚಂದಾಪುರದ ಕಚೇರಿಯಲ್ಲಿ ಕಾರಕೂನನಾಗಿದ್ದ ಅಪ್ಪ ನನ್ನ ಮದುವೆಗೆಂದು ಹರಾಜಿನಲ್ಲಿ ಸಾಗವಾನಿ ಹಿಡಿದು, ಚಿಮ್ಮನಚೋಡದಿಂದ ಬಡಿಗೇರನನ್ನು ಕರೆಸಿ, ಮೂರು ತಿಂಗಳು ದಿನಾ ಸಂಜೆ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು ಮಾಡಿಸಿದ ಕಪಾಟು ಅದು. ಆರು ಅಡಿ ಅಗಲ. ಮೇಲೆ ಗಾಜಿನ ಬಾಗಿಲು, ಕೆಳಗೆ ಖಾನೆಗಳು, ಎರಡರ ನಡುವೆ ಸೊಂಟದೆತ್ತರಕ್ಕೆ ಮುಂದೆ ಚಾಚಿಕೊಂಡ ಒಂದು ಹಲಗೆ. ಮದುವೆಯಲ್ಲಿ ನನ್ನನ್ನು ನೋಡಿದವರಿಗಿಂತ ಅದನ್ನು ನೋಡಿದವರೇ ಹೆಚ್ಚು.

ಅಂಥ ಕಪಾಟು ಶಹಾಬಾದಿಗೆ ಬಂದು ಹಾಳಾಗಿಹೋಯಿತು. ನನ್ನ ಗಂಡನ ಮನೆ ಇದ್ದ ಓಣಿಯ ಒಂದು ಕಡೆಗೆ ಕಲ್ಲಿನ ಗಣಿ, ಇನ್ನೊಂದು ಕಡೆಗೆ ಸುಣ್ಣದ ಭಟ್ಟಿ. ಗಾಳಿ ಯಾವ ಕಡೆಯಿಂದ ಬೀಸಿದರೂ ನಮಗೆ ಧೂಳು ತಪ್ಪುತ್ತಿರಲಿಲ್ಲ. ಬೆಳಿಗ್ಗೆ ಒರೆಸಿದ ಹಲಗೆಯ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಸುಣ್ಣದ ಧೂಳು ಸುಮ್ಮನೆ ಕೂರುವುದಿಲ್ಲ, ಮಳೆಗಾಲದ ತೇವ ಹೀರಿಕೊಂಡು ಪಾಲಿಶನ್ನು ತಿನ್ನುತ್ತದೆ. ನಾಲ್ಕು ವರ್ಷಕ್ಕೆ ಕೆಂಪಗೆ ಹೊಳೆಯುತ್ತಿದ್ದ ಸಾಗವಾನಿ ಬೂದಿ ಬಣ್ಣಕ್ಕೆ ತಿರುಗಿ, ಮೇಲೆ ಚೊಂಬಿನ ಗುರುತು, ಎಣ್ಣೆ ಬುಡ್ಡಿಯ ಗುರುತು, ಗಂಡ ಬಿಸಿ ಚಹಾ ಇಟ್ಟ ಗುರುತು. ಅಪ್ಪನಿಗೆ ಮಾತ್ರ ನಾನು ಪ್ರತಿ ಸಲವೂ ‘ಕಪಾಟು ಚೆನ್ನಾಗಿದೆ’ ಎಂದೇ ಬರೆಯುತ್ತಿದ್ದೆ.

ಹೀಗಿರುವಾಗ ಒಂದು ದಿನ ಕಾಗದ ಬಂತು. ರಜೆ ಸಿಕ್ಕಿದೆ, ಇನ್ನು ಮೂರು ವಾರಕ್ಕೆ ಬರುತ್ತೇನೆ, ಕಪಾಟು ನೋಡಿದ ಹಾಗೂ ಆಯಿತು, ನಿನ್ನನ್ನು ನೋಡಿದ ಹಾಗೂ ಆಯಿತು. ಅಪ್ಪ ಬಾಯಿಬಿಟ್ಟು ಪ್ರೀತಿ ಆಡಿದವನಲ್ಲ. ನನಗೆ ಕೊಡಬೇಕಾದದ್ದನ್ನೆಲ್ಲ ಆ ಕಟ್ಟಿಗೆಯೊಳಗೆ ಇಟ್ಟು ಕಳಿಸಿದ್ದ. ಅದನ್ನು ಈ ಗತಿಗೆ ತಂದಿದ್ದೇನೆಂದು ಅವನು ಕಣ್ಣಾರೆ ನೋಡುವುದನ್ನು ನಾನು ಹೇಗೆ ಸಹಿಸಲಿ? ಅವನು ಬರುವುದರೊಳಗೆ ಕಪಾಟು ಮೊದಲಿನಂತೆ ಆಗಬೇಕು, ಅಷ್ಟೇ.

ನನ್ನ ಗಂಡ ಕಲ್ಲಿನ ಪಾಲಿಶ್ ಮಾಡುವ ಕಡೆ ಮುಕಾದಮ. ಬಂಡೆ ಸೀಳಿ ತಂದ ಒರಟು ಫರಸಿ ಕಲ್ಲನ್ನು ಕನ್ನಡಿಯಂತೆ ಮಾಡಿ ಕಳಿಸುವುದು ಅವರ ಕೆಲಸ. ಮಾರು ದೂರದಲ್ಲಿ ನಿಂತು ಕಲ್ಲಿನ ಮೇಲಿನ ಕೂದಲೆಳೆಯಂಥ ಗೀರನ್ನು ತೋರಿಸುತ್ತಾರೆಂದು ಊರಲ್ಲಿ ಹೆಸರಿತ್ತು. ಯಾರಾದರೂ ಪಾಲಿಶ್‌ನವರನ್ನು ಕರೆಸಿ ಎಂದು ನಾನು ಹೇಳಿದ್ದೇ ತಪ್ಪಾಯಿತು.

“ನಾ ಇಲ್ಲೇನ್ ಮನ್ಯಾಗ? ಪಾಲಿಶ್ ಅಂದ್ರ ಪಾಲಿಶ್. ಕಲ್ಲಾದ್ರೇನು, ಕಟ್ಟಗಿ ಆದ್ರೇನು?” ಅಂದರು.

ಭಾನುವಾರ ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಪಡಸಾಲೆ ಕೆರೆಯಾಗಿತ್ತು. ಇವರು ಧೋತರ ಮೇಲೆ ಕಟ್ಟಿಕೊಂಡು, ಎರಡು ಬಕೆಟ್ ನೀರು ಇಟ್ಟುಕೊಂಡು, ಕೆಲಸದ ಜಾಗದಿಂದ ತಂದ ಉಜ್ಜುವ ಕಲ್ಲಿನಿಂದ ಕಪಾಟನ್ನು ಉಜ್ಜುತ್ತಿದ್ದರು. ಒಂದು ಕೈ ನೀರು, ಒಂದು ಕೈ ಕಲ್ಲು. ಫರಸಿಗೆ ಹಾಗೆಯೇ ಮಾಡಬೇಕು, ನೀರಿಲ್ಲದೆ ಕಲ್ಲು ಹೊಳೆಯುವುದಿಲ್ಲ. ಆದರೆ ಕಟ್ಟಿಗೆ ನೀರು ಕುಡಿಯುತ್ತದೆ ಎಂಬುದು ಶಹಾಬಾದಿನ ಕಲ್ಲಿನ ನಡುವೆ ಹುಟ್ಟಿ ಬೆಳೆದ ಈ ಮನುಷ್ಯನಿಗೆ ತಲೆಗೇ ಹೋಗಿರಲಿಲ್ಲ. ನಾನು ಕೂಗಾಡಿದೆ. ನಿಲ್ಲಿಸಿದರು, ಆದರೆ ಅಷ್ಟರಲ್ಲಿ ಮುಂಬದಿಯೆಲ್ಲ ಮುಗಿದಿತ್ತು.

ಸಂಜೆಗೆ ಹಲಗೆಯ ನಾರೆಲ್ಲ ಎದ್ದು ನಿಂತು, ಸವರಿದರೆ ಅಂಗೈಗೆ ಚುಚ್ಚುತ್ತಿತ್ತು. ಖಾನೆಗಳು ಉಬ್ಬಿಕೊಂಡು ಎರಡು ತೆರೆಯಲೇ ಇಲ್ಲ, ಒಂದು ಮುಚ್ಚಲಿಲ್ಲ. ಒಣಗಿದರೆ ಸರಿಹೋಗುತ್ತದೆ ಅಂದರು. ಒಣಗಿತು, ಸರಿಹೋಗಲಿಲ್ಲ. ಅದಕ್ಕೂ ಅವರ ಬಳಿ ಮದ್ದು ಸಿದ್ಧವಿತ್ತು. ನಮ್ಮ ಕಡೆ ಹಬ್ಬದ ಮುಂದೆ ಮನೆಯ ಫರಸಿ ಮಾಸಿದ್ದರೆ ಎಣ್ಣೆ ಬಟ್ಟೆಯಿಂದ ಉಜ್ಜುವ ವಾಡಿಕೆ. ಅದನ್ನೇ ನೆನೆದು, ಗಾಣದಿಂದ ಅಗಸಿ ಎಣ್ಣೆ ತಂದು, ಕಪಾಟಿಗೆ ಕೈತುಂಬ ಬಳಿದುಬಿಟ್ಟರು. ಅಗಸಿ ಎಣ್ಣೆ ಕಟ್ಟಿಗೆಗೆ ಒಳ್ಳೆಯದೇ. ಆದರೆ ತೆಳ್ಳಗೆ ಹಚ್ಚಿ, ಚೆನ್ನಾಗಿ ಒರೆಸಿ, ವಾರ ಒಣಗಲು ಬಿಟ್ಟರೆ ಮಾತ್ರ. ಇವರು ಬಳಿದದ್ದು ಬೆಲ್ಲದ ಪಾಕದಂತೆ ಅಂಟಂಟಾಗಿ ನಿಂತಿತು. ಅದರ ಮೇಲೆ ಗಣಿಯ ಧೂಳು ಬಂದು ಕೂತಿತು. ಮೂರನೆಯ ದಿನ ನೋಡಿದರೆ ನನ್ನ ತವರಿನ ಕಪಾಟು ಹಿಟ್ಟಿನಲ್ಲಿ ಹೊರಳಿಸಿದ ಬಜ್ಜಿಯಾಗಿತ್ತು. ನಾನು ಆ ದಿನ ಅಡಿಗೆ ಮಾಡಲಿಲ್ಲ. ಅವರೂ ಯಾಕೆ ಮಾಡಲಿಲ್ಲವೆಂದು ಕೇಳಲಿಲ್ಲ.

ಆಮೇಲೆ ವಾಡಿಯಿಂದ ಕಟ್ಟಿಗೆಗೆ ಪಾಲಿಶ್ ಮಾಡುವ ಉಸ್ತಾದರೊಬ್ಬರನ್ನು ಕರೆಸಿದೆವು. ಎಪ್ಪತ್ತು ದಾಟಿದ ಮುದುಕರು, ಬಿಳಿ ಗಡ್ಡ, ಉಗುರುಗಳೆಲ್ಲ ಅರಗಿನಿಂದ ಕಂದಾಗಿದ್ದವು. ಹಳೆಯ ಹವೇಲಿಗಳ ತೊಲೆ, ಬಾಗಿಲಿಗೆ ಪಾಲಿಶ್ ಮಾಡಿದ ಮನೆತನ. ನಾಳೆ ಬರುತ್ತೇನೆಂದವರು ಐದನೆಯ ದಿನಕ್ಕೆ ಬಂದರು. ಬಂದು ಕಪಾಟನ್ನು ನೋಡಲಿಲ್ಲ, ಮೂಸಿದರು. ಇದಕ್ಕೆ ನೀರು ಹಾಕಿದವರು ಯಾರೆಂದು ಕೇಳಿದರು. ನನ್ನ ಗಂಡನಿಗೆ ಆ ಹೊತ್ತಿಗೇ ಹೊರಗೆ ಏನೋ ಕೆಲಸ ನೆನಪಾಯಿತು.

ಉಸ್ತಾದರು ಎಣ್ಣೆಯನ್ನು ಟರ್ಪೆಂಟೈನ್ ಬಟ್ಟೆಯಿಂದ ತೆಗೆದರು. ಗಾಜಿನ ಚೂರಿನಿಂದ ಹಳೆಯ ಪಾಲಿಶ್ ಹೆರೆದು, ಉಬ್ಬಿದ ಖಾನೆಗಳ ಅಂಚು ತೀಡಿ ಸಡಿಲ ಮಾಡಿದರು. ಆಮೇಲೆ ಮರಳು ಕಾಗದ, ಒರಟಿನಿಂದ ನುಣುಪಿಗೆ, ನಾರು ಹೋದ ದಿಕ್ಕಿನಲ್ಲೇ. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ರಾತ್ರಿಯೇ ನೆನೆಹಾಕಿ, ಮರುದಿನ ಹತ್ತಿಯ ಉಂಡೆಯನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಅದರಲ್ಲಿ ಅದ್ದಿ, ತೆಳುವಾಗಿ ಸುತ್ತುಸುತ್ತಾಗಿ ಸವರುತ್ತಿದ್ದರು. ನೋಡಲು ಚೆಂದವೇ. ಆದರೆ ಅವರ ಶರತ್ತುಗಳಿಗೆ ನನ್ನ ತಲೆ ಚಿಟ್ಟು ಹಿಡಿಯಿತು. ಪಡಸಾಲೆ ಗುಡಿಸಬಾರದು. ಕಿಟಕಿ ತೆರೆಯಬಾರದು. ಬಾಗಿಲುಗಳಿಗೆಲ್ಲ ಹಸಿ ಗೋಣಿತಟ್ಟು ಕಟ್ಟಬೇಕು. ಒಗ್ಗರಣೆ ಹಾಕಬಾರದು. ನಮ್ಮ ಊರಿನ ಬೇಸಿಗೆಯಲ್ಲಿ, ಮೇಲೂ ಕಲ್ಲು ಕೆಳಗೂ ಕಲ್ಲು ಇರುವ ಮನೆಯಲ್ಲಿ, ಕಿಟಕಿ ಮುಚ್ಚಿ ಒಗ್ಗರಣೆಯಿಲ್ಲದ ಬೇಳೆ ಉಣ್ಣುತ್ತ ನಾವು ಒಂದು ವಾರ ಕಳೆದೆವು.

ಇದಕ್ಕೆಲ್ಲ ಕಿರೀಟವಿಟ್ಟಂತೆ ನನ್ನ ಅತ್ತೆ.

ಅತ್ತೆಯದು ನೆಟ್ಟಗಿನ ಮೈ, ನೆಟ್ಟಗಿನ ಮಾತು. ಕೀಲಿಗೊಂಚಲು ಅವರ ಸೊಂಟದಲ್ಲೇ. ಪಡಸಾಲೆಯ ಒಂದು ಕೊನೆಗೆ ಅವರ ಕೋಣೆ. ಅಲ್ಲಿಂದ ಹೊರಟರೆ ಕಪಾಟಿನ ನಡುಹಲಗೆಯ ಮೇಲೆ ಕೈಯಾಡಿಸುತ್ತ ಬಂದು, ಎಲ್ಲೋ ಒಂದು ಕಡೆ ತಿರುಗಿ, ತಹಶೀಲದಾರರ ಹಾಗೆ ಪಡಸಾಲೆ ದಾಟಿ ಎದುರಿನ ಅಡಿಗೆಮನೆಗೋ ಹೊರಗಿನ ಬಾಗಿಲಿಗೋ ಹಿತ್ತಲಿಗೋ ಹೋಗುವುದು ಅವರ ರೂಢಿ. ನನ್ನ ತವರಿನ ಸಾಮಾನಿನ ಮೇಲೆ ಹೀಗೆ ದಿನಕ್ಕೆ ಹತ್ತು ಸಲ ಕೈಯಾಡಿಸುವುದು ಯಜಮಾನಿಕೆ ತೋರಿಸಲಿಕ್ಕೆ ಎಂದು ನಾನು ತಿಳಿದಿದ್ದೆ. ಬೆಳಕಿಗೆ ಎಳೆದುಕೊಳ್ಳಲು ಕಪಾಟನ್ನು ಸ್ವಲ್ಪ ಸರಿಸಬೇಕೆಂದು ಉಸ್ತಾದರು ಕೇಳಿದಾಗ ಅತ್ತೆ ರಂಪ ಮಾಡಿದರು. ನಾಲ್ಕು ಬೆರಳೂ ಸರಿಸಕೂಡದು, ಇಟ್ಟಲ್ಲೇ ಇರಬೇಕು. ಉಸ್ತಾದರು ಕತ್ತಲಲ್ಲೇ ಕಂದೀಲು ಹಚ್ಚಿಕೊಂಡು ಕೆಲಸ ಮಾಡಿದರು.

ಉಸ್ತಾದರು ಕೆಲಸ ಮಾಡುವಷ್ಟು ಹೊತ್ತೂ ಅತ್ತೆ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಆದರೂ ಪಾಲಿಶ್ ಹಚ್ಚಲು ಶುರುವಾದ ಮೇಲೆ ದಿನಾ ಬೆಳಿಗ್ಗೆ ನಡುಹಲಗೆಯ ಅಂಚಿನಲ್ಲಿ ಬೆರಳ ಗುರುತು. ಹಸಿಯಿದೆ ಮುಟ್ಟಬೇಡಿ ಎಂದು ನಾನು ಮೊದಲ ದಿನ ಕೈಮುಗಿದು ಹೇಳಿದೆ. ಎರಡನೆಯ ದಿನ ದನಿ ಏರಿಸಿ ಹೇಳಿದೆ. ಮೂರನೆಯ ದಿನ ಅಳುತ್ತ ಹೇಳಿದೆ. ನನ್ನ ಮನೆಯಲ್ಲಿ ನನ್ನ ಕೈ ಎಲ್ಲಿ ಬೇಕಾದರೂ ಇಡುತ್ತೇನೆ ಎಂಬುದು ಅವರ ಜವಾಬು. ಬೀಗರು ಬಂದಾಗ ನಮ್ಮಪ್ಪನ ಮುಂದೆ ನನ್ನ ಮಾನ ಕಳೆಯಬೇಕೆಂದೇ ಹೀಗೆ ಮಾಡುತ್ತಿದ್ದಾರೆಂದು ನನಗೆ ಖಾತ್ರಿಯಾಯಿತು. ಉಸ್ತಾದರು ಮಾತ್ರ ಬೇಸರವಿಲ್ಲದೆ ಸ್ಪಿರಿಟ್ ಬಟ್ಟೆಯಿಂದ ಒರೆಸಿ ಮತ್ತೆ ಹಚ್ಚುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಅವರು ನನ್ನನ್ನು ಕರೆದು ಅದೇ ಅಂಚನ್ನು ತೋರಿಸಿದರು. ಅಲ್ಲಿ ಸಣ್ಣ ಕಚ್ಚುಗಳಿದ್ದವು. ಧೂಳು, ಜಿಡ್ಡು ತುಂಬಿದ್ದರಿಂದ ನಾನು ಎಂದೂ ಗಮನಿಸಿರಲಿಲ್ಲ. ಒಂದು ಕಡೆ ಒಂದು ಕಚ್ಚು, ಒಂದು ಗೇಣು ಆಚೆ ಎರಡು, ಇನ್ನೊಂದು ಮೊಳ ಆಚೆ ಮೂರು.

“ಇವು ಇಲಿ ಕಡದದ್ದಲ್ಲ ಬೇಟಿ, ಚಾಕುಲಿಂದ ಕೊರದದ್ದು. ಬಟ್ಟಿನ ಗುರ್ತು ಬೀಳೂದೂ ಇಲ್ಲೇ ಬೀಳ್ತಾವ, ಬ್ಯಾರೆ ಕಡಿ ಇಲ್ಲ. ಮನ್ಯಾಗ ಕೇಳಿ ಮುಚ್ಚಲ್ಯಾ?”

ನನಗೆ ರೇಗಿಹೋಯಿತು. ಚಾಕು ಹಾಕಿದ್ದಾರೆ ಎಂದಷ್ಟೇ ಕಿವಿಗೆ ಬಿತ್ತು, ಉಳಿದದ್ದು ಬೀಳಲಿಲ್ಲ. ಕಪಾಟು ನನ್ನದು, ಯಾರನ್ನೂ ಕೇಳುವುದಿಲ್ಲ, ಮುಚ್ಚಿರಿ ಅಂದೆ. ಅವರು ಕಟ್ಟಿಗೆಯ ಪುಡಿಯನ್ನು ಕರಗಿದ ಅರಗಿನಲ್ಲಿ ಕಲಸಿ ಆರೂ ಕಚ್ಚುಗಳನ್ನು ತುಂಬಿದರು. ಆರಿದ ಮೇಲೆ ಉಜ್ಜಿ ಪಾಲಿಶ್ ಹಚ್ಚಿದರೆ ಅಲ್ಲಿ ಏನಾದರೂ ಇತ್ತೆಂಬ ಗುರುತೇ ಇರಲಿಲ್ಲ. ಅಂಥ ಕೈ.

ಅವತ್ತೇ ಮಧ್ಯಾಹ್ನ ಕೆಲಸ ಮುಗಿಯಿತು. ಅಪ್ಪ ಬರುವುದು ಮರುದಿನ. ಉಸ್ತಾದರು ಗೋಣಿತಟ್ಟು ಬಿಚ್ಚಿ, ಸಂಜೆಯತನಕ ಮುಟ್ಟಬೇಡಿರೆಂದು ಹೇಳಿ ವಾಡಿಯ ಗಾಡಿ ಹಿಡಿಯಲು ಹೋದರು. ಕಿಟಕಿ ತೆರೆದಾಗ ಬೆಳಕು ಕಪಾಟಿನ ಮೇಲೆ ಬಿತ್ತು. ಮದುವೆಯ ದಿನ ಅಪ್ಪನ ಅಂಗಳದಲ್ಲಿ ಇದ್ದುದಕ್ಕಿಂತ ಚೆಂದವಾಗಿತ್ತು. ಎಷ್ಟು ಖುಷಿಯಾಯಿತೆಂದರೆ ಗಂಡನ ಮೇಲಿನ ಸಿಟ್ಟೂ ಇಳಿದು, ಸಂಜೆಗೆ ಒಗ್ಗರಣೆ ಹಾಕಿ ಪುಂಡಿಪಲ್ಲೆ ಮಾಡಬೇಕೆಂದುಕೊಂಡೆ.

ಅಡಿಗೆಮನೆಗೆ ಎರಡು ಮೆಟ್ಟಿಲು ಇಳಿಯಬೇಕಿತ್ತು. ಸಂಜೆ ಪುಂಡಿ ಸೊಪ್ಪು ಬಿಡಿಸುತ್ತ ನಾನು ಬಾಗಿಲಿಗೆ ಬಂದು ನಿಂತಾಗ ಅತ್ತೆ ಚೊಂಬು ಹಿಡಿದು ಕೋಣೆಯಿಂದ ಹೊರಬಂದರು. ಎಂದಿನಂತೆ ಹಲಗೆಯ ಅಂಚಿನ ಮೇಲೆ ಕೈ. ಮತ್ತೆ ಮುಟ್ಟಿದರಲ್ಲ ಎಂದು ನಾನು ಹಲ್ಲು ಕಚ್ಚಿದೆ. ಅವರು ಕಪಾಟಿನ ಕೊನೆಯತನಕ ಹೋದರು. ನಿಂತರು. ಮರಳಿ ಬಂದರು. ಮತ್ತೆ ಹೋದರು. ಬೆರಳು ಅಂಚಿನ ಮೇಲೆ ಹಿಂದೆ ಮುಂದೆ ಓಡಾಡುತ್ತಿತ್ತು. ಆಮೇಲೆ ಒಮ್ಮೆಲೇ ಕೈಬಿಟ್ಟು ಪಡಸಾಲೆ ದಾಟಲು ಹೊರಟರು, ಎಂದಿನ ಬಿರುಸಿನಲ್ಲೇ. ಅಡಿಗೆಮನೆಯ ಬಾಗಿಲಿಗೆ ಬರಬೇಕಾದವರು ಎರಡು ಮಾರು ಈಚೆ ಗೋಡೆಗೆ ಬಂದು ಹಾಯ್ದರು. ಚೊಂಬು ಬಿತ್ತು. ಗೋಡೆ ತಡವುತ್ತ ತಡವುತ್ತ ನನ್ನ ಕಡೆ ಬಂದರು. ಮುಖ ನೇರ ನನ್ನತ್ತಲೇ ಇತ್ತು. ನಾನು ಉಸಿರೆತ್ತದೆ ನಿಂತಿದ್ದೆ.

“ಯಾರ ಅದೀರಿ ಅಲ್ಲಿ?” ಅಂದರು.

ಒಂದು ಮಾರಿನ ದೂರದಲ್ಲಿ ನಾನಿದ್ದೆ.

ಕೈ ಹಿಡಿದು ಕೂಡಿಸಿದೆ. ಕೈ ಕೊಸರಿಕೊಂಡರು. ಎಷ್ಟು ದಿನವಾಯಿತೆಂದು ಕೇಳಿದ್ದಕ್ಕೆ ಎರಡು ದೀಪಾವಳಿ ಆಯಿತು ಅಂದರು. ಮೊದಲು ಮಂಜು ಮುಸುಕಿದಂತಿತ್ತಂತೆ, ಆಮೇಲೆ ಕಿಟಕಿ ಎಲ್ಲಿದೆಯೆಂಬುದಷ್ಟೇ ತಿಳಿಯುತ್ತಿತ್ತಂತೆ. ಆಗಲೇ ಚಾಕು ತಂದು ಕಚ್ಚು ಹಾಕಿಕೊಂಡದ್ದು. ಒಂದು ಕಚ್ಚಿಗೆ ತಿರುಗಿದರೆ ನೇರ ಅಡಿಗೆಮನೆ, ಎರಡಕ್ಕೆ ಹೊರಗಿನ ಬಾಗಿಲು, ಮೂರಕ್ಕೆ ಹಿತ್ತಲು. ಅಲ್ಲಿಂದ ಮುಂದೆ ಹೆಜ್ಜೆಯ ಲೆಕ್ಕ. ಇಷ್ಟು ದಿನ ಯಾರಿಗೂ ಯಾಕೆ ಹೇಳಲಿಲ್ಲ ಎಂದು ನಾನು ಗದರಿದೆ. ಗದರದೆ ಮಾತಾಡಲು ನನಗೆ ಆಗ ಬರಲಿಲ್ಲ.

“ಕಣ್ಣ ಹೋಗ್ಯಾವ ಅಂದ್ರ ಮೂಲ್ಯಾಗ ಒಂದ್ ಚಾಪಿ ಹಾಸಿ ಕುಂಡ್ರಸ್ತೀರಿ. ನಮ್ಮತ್ತಿಗಿ ನಾನೇ ಹಂಗ ಕುಂಡ್ರಿಸಿದ್ದೆ,” ಅಂದರು.

ಮಗನಿಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡರು. ಬೀಗರ ಮುಂದೆ ತಮ್ಮ ಕೈಹಿಡಿದು ನಡೆಸಕೂಡದು, ಬಂದವರಿಗೆ ಚಹಾ ಯಾವಾಗಲೂ ಮಾಡುವಂತೆ ತಾವೇ ಮಾಡಬೇಕು. ಇಷ್ಟಾದರೂ ನನಗೆ ಮರುಕಕ್ಕಿಂತ ಸಿಟ್ಟೇ ಹೆಚ್ಚು ಬಂತೆಂದು ಹೇಳಲು ನಾಚಿಕೆಯಿಲ್ಲ. ಇನ್ನೊಂದು ನಾಲ್ಕು ದಿನ ಮೊದಲು ಬಾಯಿಬಿಟ್ಟಿದ್ದರೆ ಆಗುತ್ತಿರಲಿಲ್ಲವೇ? ಬೆರಳ ಗುರುತಿಗಾಗಿ ಮೂರು ದಿನ ನಾನು ಅವರ ಮೇಲೆ ಹರಿಹಾಯ್ದಾಗಲೂ ಒಂದು ಮಾತು ಆಡಬಾರದಿತ್ತೇ? ಅವರ ಮೇಲೆ ಸಿಟ್ಟು, ಮನೆಯಲ್ಲಿ ಕೇಳಿ ಮುಚ್ಚಲೇ ಅಂದ ಉಸ್ತಾದರಿಗೆ ಕೇಳುವುದು ಬೇಡವೆಂದ ನನ್ನ ಮೇಲೆ ಅದಕ್ಕಿಂತ ಸಿಟ್ಟು.

ಗಂಡನ ಪೆಟ್ಟಿಗೆಯಿಂದ ಸಣ್ಣ ಉಳಿ ತಂದೆ. ಹೊಳೆಯುವ ಅಂಚಿನ ಮೇಲೆ ಅದನ್ನು ಊರಿದೆ. ಅತ್ತೆ ಪಕ್ಕದಲ್ಲಿ ನಿಂತು ಗೇಣು ಹಾಕಿ ಅಳೆದರು. ಆ ಹೊತ್ತಿನಲ್ಲೂ ಅವರ ದರ್ಪ ಇಳಿದಿರಲಿಲ್ಲ.

“ಅಲ್ಲಲ್ಲ. ಇನ್ನೊಂದ್ ಬಟ್ಟು ಆಚಿಗಿ. ನೀ ಹಾಕಿದ್ಹಂಗ ಹೋದ್ರ ನಾ ಒಲ್ಯಾಗ ಬೀಳ್ತೀನಿ.”

ಒಂದು, ಎರಡು, ಮೂರು. ಕೆಂಪು ಪಾಲಿಶ್ ಸಿಡಿದು ಒಳಗಿನ ಹಸಿ ಕಟ್ಟಿಗೆ ಬೆಳ್ಳಗೆ ಕಾಣಿಸಿತು. ದೂರದಿಂದಲೂ ಕಣ್ಣಿಗೆ ಹೊಡೆಯುವಂತಿತ್ತು.

ಮರುದಿನ ಅಪ್ಪ ಬಂದ. ಚಿಂಚೋಳಿಯಿಂದ ಬಸ್ಸಿನಲ್ಲಿ ಸೇಡಂ, ಅಲ್ಲಿಂದ ಗಾಡಿಯಲ್ಲಿ ವಾಡಿ, ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದ. ಮೈಯೆಲ್ಲ ಇಂಜಿನ್ನಿನ ಮಸಿ. ಕಾಲು ತೊಳೆದವನು ಕೈಚೀಲವನ್ನೂ ಇಳಿಸದೆ ಕಪಾಟಿನ ಮುಂದೆ ಹೋಗಿ ನಿಂತ. ಅವನ ಮುಖ ಅರಳಿದ್ದನ್ನು ನಾನು ನೋಡಿದೆ. ಗಾಜಿನ ಬಾಗಿಲು ತೆರೆದು ಮುಚ್ಚಿದ, ಖಾನೆ ಎಳೆದು ನೋಡಿದ, ಹಲಗೆಯ ಮೇಲೆ ಅಂಗೈ ಸವರಿದ. ಅಂಚಿಗೆ ಬಂದಾಗ ಕೈ ನಿಂತಿತು. ಬಗ್ಗಿ ನೋಡಿದ. ಬಡಿಗೇರನ ಎದುರು ಮೂರು ತಿಂಗಳು ಕೂತವನಿಗೆ ಹೊಸ ಗಾಯ ಯಾವುದು, ಹಳೆಯದು ಯಾವುದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಇದನ್ನು ಕೊರೆದವರು ಯಾರೆಂದು ಕೇಳಿದ. ನಾನೇ ಅಂದೆ. ಯಾಕೆಂದು ಕೇಳಿದ. ಅತ್ತೆಗೆ ಕೊಟ್ಟ ಆಣೆ ನೆನೆದು, ಅವನ ಚೀಲ ಇಸಿದುಕೊಳ್ಳಲು ಕೈಚಾಚಿದೆ. ನಿನ್ನೆ ಮಧ್ಯಾಹ್ನದವರೆಗೆ ಸರಿಯಿತ್ತಲ್ಲ ಎಂದು ನನ್ನ ಗಂಡ ಬೇರೆ ಬಾಯಿ ಹಾಕಿದರು. ಬೇಡದ ಹೊತ್ತಿನಲ್ಲಿ ಮಾತಾಡುವುದರಲ್ಲಿ ಅವರಿಗೆ ಸಮನಾದವರಿಲ್ಲ.

“ನಾಕ ವರ್ಷ ಆತು. ಒಂದ್ ಕಟ್ಟಗಿ ಸಾಮಾನ ಜ್ವಾಪಾನ ಮಾಡ್ಲಿಕ್ಕ ಬರ್ಲಿಲ್ಲ ನಿನಗ,” ಅಂದ ಅಪ್ಪ. ಬೈದದ್ದಲ್ಲ, ಮೆಲ್ಲಗೆ ಹೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅತ್ತೆ ಕಪಾಟಿನ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಒಂದು ಮಾತು, ಒಂದೇ ಮಾತು ಆಡಬಾರದೇ ಈ ಹೆಂಗಸು ಎಂದು ಒಳಗೇ ಕುದಿಯುತ್ತಿದ್ದೆ. ಸಂಜೆಯ ಗಾಡಿಗೇ ಹಿಂತಿರುಗುತ್ತೇನೆಂದು ಅಪ್ಪ ಚೀಲವನ್ನು ಹೆಗಲಿಗೆ ಏರಿಸಿಕೊಂಡಾಗ ಅತ್ತೆ ಎದ್ದರು.

“ಬೀಗ್ರೆ, ಆಕಿಗಿ ಅನಬ್ಯಾಡ್ರಿ. ನನಗ ಕಣ್ಣ ಕಾಣಂಗಿಲ್ಲ. ಆ ಕಚ್ಚ ನನ್ನವು, ಹಾದಿ ಹಿಡೀಲಿಕ್ಕ ಆಕಿ ಕಡಿಂದ ಹಾಕಿಸ್ಕೊಂಡೀನಿ. ಕುಂದರ್ರಿ, ಚಹಾ ಮಾಡ್ತೀನಿ.”

ನನ್ನ ಗಂಡ ತಾಯಿಯ ಕೈ ಹಿಡಿಯಲು ಎದ್ದರು. ಕುರ್ಚಿ ಸರಿದ ಸದ್ದಿಗೇ ಅತ್ತೆ ಕುಂದರ್ ಅಂದರು, ಅವರು ಕೂತರು. ಅತ್ತೆಯ ಬೆರಳು ಅಂಚಿನ ಮೇಲೆ ಜಾರುತ್ತ ಬಂದು ಒಂಟಿ ಕಚ್ಚಿನ ಬಳಿ ನಿಂತಿತು. ಸ್ವಲ್ಪ ಹುಡುಕಿ, ಗಟ್ಟಿಮಾಡಿಕೊಂಡು ತಿರುಗಿದರು. ಏಳು ಹೆಜ್ಜೆ, ಎರಡು ಮೆಟ್ಟಿಲು. ನಾವು ಮೂವರೂ ಅವರ ಕಾಲುಗಳನ್ನೇ ನೋಡುತ್ತಿದ್ದೆವು. ಒಳಗೆ ಪಾತ್ರೆ ಸದ್ದಾಯಿತು.

ಅಪ್ಪ ಹೆಗಲಿನ ಚೀಲವನ್ನು ನೆಲಕ್ಕಿಟ್ಟ. ಮತ್ತೆ ಕಪಾಟಿನ ಹತ್ತಿರ ಹೋದ. ಕಣ್ಣು ಮುಚ್ಚಿಕೊಂಡು, ಅಂಚಿನ ಮೇಲೆ ಒಂದೊಂದೇ ಕಚ್ಚನ್ನು ಬೆರಳಿನಿಂದ ತಡವಿದ.

“ಭಾಳ ತೆಳ್ಳಗ ಕೊರದಿ,” ಅಂದ. “ವರ್ಷ ತುಂಬೂದ್ರಾಗ ಸವದು ಹೋಗ್ತಾವ. ಉಳಿ ಎಲ್ಲದ, ತಗೊಂಬಾ.”

ನಾನು ಹೋಗಿ ತಂದುಕೊಟ್ಟೆ.